ಟವೆಲ್ಲಿನ ಕೆಳಗಿನ ಮುಷ್ಟಿ

ಕೊರೋನಾದ ಬಂದ್‌ಗಳು ಮುಗಿದ ಮರುವರ್ಷ ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಕೂತು ಒಂದು ಪಂಕ್ ರಾಕ್ ಬ್ಯಾಂಡಿನ ಮ್ಯಾನೇಜರ್ ಆದೆ. ನಗುವವರು ಈಗಲೇ ನಕ್ಕುಬಿಡಲಿ. ನಮ್ಮೂರಿನ ಚಹಾದಂಗಡಿಯಲ್ಲೂ ನಕ್ಕಿದ್ದರು. ನಾನಾಗ ಕಾನೂನು ಓದುತ್ತಿದ್ದೆ. ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ವಾದಿಸಿ ಕಪ್ ಗೆದ್ದು ತಂದು ಅಟ್ಟದ ಮೇಲೆ ಸಾಲಾಗಿ ಇಡುವುದು ನನ್ನ ಹವ್ಯಾಸವಾಗಿತ್ತು. ಬ್ಯಾಂಡಿನವರಿಗೆ ಬೇಕಾದದ್ದೂ ಅಂಥವನೇ. ಜಾಗ ಕೊಡುವುದಿಲ್ಲ ಎನ್ನುವ ಮಿಲ್ ಮಾಲೀಕನ ಜೊತೆ, ಗದ್ದಲ ಅನ್ನುವ ಪೊಲೀಸ್ ಚೌಕಿಯ ಜೊತೆ ಮಾತಾಡಿ ಗೆಲ್ಲುವವನು. ಈಗ ಲಾತೂರಿನಲ್ಲಿ ಸಂಗೀತ ಕಾರ್ಯಕ್ರಮಗಳ ವ್ಯವಸ್ಥೆ ನೋಡುವುದೇ ನನ್ನ ವೃತ್ತಿ. ಆದರೆ ಆ ಮೊದಲ ಬ್ಯಾಂಡಿನ ವಿಷಯ ಬಂದಾಗ ನನ್ನ ವಾದ ಅಲ್ಲಿಗೇ ನಿಲ್ಲುತ್ತದೆ.

ಪಂಕ್ ಎಂದರೇನು ಎಂದು ಮೊದಲು ಹೇಳಬೇಕು. ಗಿಟಾರಿನ ಮೇಲೆ ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಅದಕ್ಕೆ ಕಾರ್ಡ್ ಅನ್ನುತ್ತಾರೆ. ಅಂಥ ಮೂರು ಕಾರ್ಡ್, ಓಡುವ ಲಯ, ಹಾಡಿನ ಬದಲು ಕೂಗು, ಎರಡು ನಿಮಿಷದಲ್ಲಿ ಮುಕ್ತಾಯ. ಪಾಂಡಿತ್ಯ ಬೇಕಿಲ್ಲ, ಸಿಟ್ಟು ಸಾಕು. ಅಂಡರ್‌ಗ್ರೌಂಡ್ ಎಂದರೆ ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ, ವೇದಿಕೆಯೂ ಇಲ್ಲ; ಒಬ್ಬ ಇನ್ನೊಬ್ಬನಿಗೆ ಹೇಳಿದರೆ ಜನ ಸೇರಿದರು, ಇಲ್ಲವಾದರೆ ಇಲ್ಲ.

ಬ್ಯಾಂಡಿನ ಹೆಸರು ‘ಹೊಟ್ಟು’. ತೊಗರಿಯಿಂದ ಬೇಳೆ ಒಡೆದ ಮೇಲೆ ಉಳಿಯುತ್ತದಲ್ಲ, ಅದೇ. ಮೂವರೇ ಮಂದಿ. ಹಾಡುವವನು ಸಿದ್ಧಲಿಂಗ, ಉದಗೀರದ ದನದ ದಲಾಲನ ಮಗ. ಬಾಯಿ ತೆರೆದರೆ ಸಂತೆಯೇ ಎದ್ದು ಬಂದಂತೆ. ಗಿಟಾರು ಮಹಾನಂದಾಳದು. ನಿಲಂಗಾದ ಬಟ್ಟೆ ವ್ಯಾಪಾರಿಯ ಮಗಳು, ಅಂಗಡಿಯಲ್ಲಿ ಕೂತು ಸೀರೆ ಬಿಚ್ಚಿ ತೋರಿಸುವ ಕೈಯಿಂದಲೇ ತಂತಿ ಹರಿಯುವಂತೆ ಮೀಟುವವಳು. ಡ್ರಮ್ ಕಾಶಿನಾಥನದು. ದಾಳಿಂಬ ಎಂಬ ಊರಿನ ಒಕ್ಕಲು ಮನೆತನದವನು. ಊರ ಮಠದ ಭಜನೆಯಲ್ಲಿ ಲಯ ಕಲಿತು ಬಂದವನು. ಅವನ ಡ್ರಮ್ ಎಂದರೆ ಎರಡು ಎಣ್ಣೆ ಡಬ್ಬಿ, ಒಂದು ಹಳೆಯ ತಕ್ಕಡಿಯ ತಟ್ಟೆ. ನೆಲದ ಮೇಲೆ ಕೂತು ದೊಡ್ಡ ಡಬ್ಬಿಯನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಅವುಚಿಕೊಂಡೇ ಬಡಿಯುತ್ತಿದ್ದ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮೋಂಢಾ, ಅಂದರೆ ಧಾನ್ಯದ ಪೇಟೆ, ಬಂದ್ ಇರುತ್ತದೆ. ಬೇಳೆ ಮಿಲ್ಲುಗಳೂ ನಿಲ್ಲುತ್ತವೆ. ಆ ಮಧ್ಯಾಹ್ನ ‘ಹೊಟ್ಟು’ ಖಾಲಿ ಮಿಲ್ಲಿನ ಶೆಡ್ಡಿನಲ್ಲಿ ನುಡಿಸುತ್ತಿತ್ತು. ಒಂದು ಅಮಾವಾಸ್ಯೆ ಉಮರ್ಗಾ, ಒಂದು ನಿಲಂಗಾ, ಒಂದು ಉದಗೀರ. ಹಮಾಲರು, ಕಾಲೇಜಿನ ಹುಡುಗ ಹುಡುಗಿಯರು, ಆಟೋದವರು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಸಿದ್ಧಲಿಂಗ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ ಕೂಗುತ್ತಿದ್ದ. ಕನ್ನಡದ್ದು ಹೀಗೆ: “ಬ್ಯಾಳಿ ನಿಮ್ದು, ಹೊಟ್ಟು ನಮ್ದು! ತಕ್ಕಡಿ ನಿಮ್ದು, ಬೆನ್ನು ನಮ್ದು!” ಕೂಗುವಾಗ ಜನರಿಗೆ ಬೆನ್ನು ಮಾಡಿ, ಕಾಶಿನಾಥನ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಇದು ಅವರ ದೊಡ್ಡ ವಿಚಿತ್ರ. ಯಾರೋ ಕೇಳಿದಾಗ ನಾನು, “ಪ್ರೇಕ್ಷಕರನ್ನು ಮೆಚ್ಚಿಸುವ ಕಲೆಯ ವಿರುದ್ಧದ ಬಂಡಾಯ” ಎಂದು ವಿವರಿಸಿದ್ದೆ. ಕೇಳಿದವರು ತಲೆದೂಗಿದ್ದರು.

ಇನ್ನೊಂದು ವಿಚಿತ್ರ ಟವೆಲ್ಲು. ದನದ ಸಂತೆಯಲ್ಲಿ ದಲಾಲರು ದರವನ್ನು ಬಾಯಿಂದ ಹೇಳುವುದಿಲ್ಲ. ಕೈ ಮೇಲೆ ಟವೆಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಸಿದ್ಧಲಿಂಗ ಅದನ್ನು ಬ್ಯಾಂಡಿಗೂ ತಂದಿದ್ದ. ಹೊಸ ಹಾಡು ಬೇಕೇ, ಇಂಥ ಊರಿಗೆ ಹೋಗಬೇಕೇ ಎಂಬ ಪ್ರಶ್ನೆ ಬಂದರೆ, ಕೇಳುವವನು ಒಬ್ಬೊಬ್ಬರ ಎದುರು ಕೂತು, ಮುಖ ನೋಡಿ ಪ್ರಶ್ನೆ ಹೇಳಬೇಕು. ಆಮೇಲೆ ಟವೆಲ್ಲಿನ ಕೆಳಗೆ ಕೈ. ಒಂದು ಬೆರಳು ಒತ್ತಿದರೆ ಒಪ್ಪಿಗೆ, ಮುಷ್ಟಿ ಕಟ್ಟಿದರೆ ಬೇಡ. ಒಂದು ಮುಷ್ಟಿ ಸಿಕ್ಕರೂ ಆ ವಿಷಯ ಅಲ್ಲಿಗೆ ಬಿತ್ತು. ಯಾಕೆ ಎಂದು ಕೇಳುವಂತಿಲ್ಲ.

ಈ ಕೊನೆಯ ನಿಯಮದಿಂದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾರಣ ಹೇಳದ ಅಭಿಪ್ರಾಯಕ್ಕೆ ಬೆಲೆ ಏನು? ಒಮ್ಮೆ ಅಂದೂಬಿಟ್ಟೆ: “ಏನಪಾ, ನೀವೇನು ಎತ್ತು ಮಾರ್ಲಕತ್ತೀರೇನು? ಬಾಯಿ ಇಲ್ಲೇನು ನಿಮಗ?”

ಸಿದ್ಧಲಿಂಗ ನಕ್ಕ. “ಬಾಯಿ ಅದ ವಕೀಲಸಾಬ್. ಆದ್ರ ನಮ್ಮ ಮೂವರ ಬಾಯಿ ಕೂಡಿಸಿದ್ರೂ ನಿಮ್ಮ ಒಂದು ಬಾಯಿಗಿ ಸಾಲಂಗಿಲ್ಲ. ಅದ್ಕೇ ಈ ಟವೆಲ್ಲು.”

ಮೂರು ವರ್ಷ ಹೀಗೆ ನಡೆಯಿತು. ಶೆಡ್ಡಿಗೆ ಮೊದಲು ನಲವತ್ತು ಜನ ಬರುತ್ತಿದ್ದರೆ, ಆಮೇಲೆ ಬಾಗಿಲ ಹೊರಗೂ ನಿಲ್ಲುವಷ್ಟಾದರು. ಆಗ ಉದಗೀರದಲ್ಲಿ ಒಂದು ಯುವ ಉತ್ಸವದವರು ನಮ್ಮನ್ನು ಕರೆದರು. ದೊಡ್ಡ ಮೈದಾನ, ಪುಣೆಯಿಂದ ಬರುವ ವೀಡಿಯೋ ತಂಡ, ಚೆನ್ನಾಗಿ ಬಂದರೆ ಮುಂದೆ ಪುಣೆ, ಮುಂಬೈ. ಷರತ್ತು ಎರಡೇ. ಡಬ್ಬಿ ನಡೆಯುವುದಿಲ್ಲ, ಅವರು ಕೊಡುವ ಡ್ರಮ್ ಕಿಟ್ ಬಾರಿಸಬೇಕು. ಹಾಡುವವನು ಕ್ಯಾಮೆರಾಕ್ಕೆ ಮುಖ ಮಾಡಬೇಕು.

ನಿಲಂಗಾದಲ್ಲಿ ಮಹಾನಂದಾಳ ಅಂಗಡಿಯ ಮಾಳಿಗೆಯ ಮೇಲೆ ಸೇರಿದೆವು. ಸಿದ್ಧಲಿಂಗ ಎದುರೆದುರು ಕೂತು ಪ್ರಶ್ನೆ ಹೇಳಿದ. ಟವೆಲ್ಲು ಹಾಸಿದ. ಮಹಾನಂದಾ ಬೆರಳು ಒತ್ತಿದಳು. ಕಾಶಿನಾಥ ಮುಷ್ಟಿ ಕಟ್ಟಿದ.

“ಬಿತ್ತು,” ಎಂದು ಸಿದ್ಧಲಿಂಗ ಟವೆಲ್ಲು ಎತ್ತಿದ. ಅವನ ಮುಖ ಬಾಡಿತ್ತು, ಆದರೂ ಎತ್ತಿದ.

“ಯಾಕ?” ಅಂದೆ ನಾನು.

ಮೂವರೂ ನನ್ನ ಕಡೆ ನೋಡಿದರು. ಮಹಾನಂದಾ, “ಹಂಗ ಕೇಳಬಾರ್ದು, ನಿಮಗ ಗೊತ್ತದ,” ಅಂದಳು.

“ಗೊತ್ತದ. ಆ ನಿಯಮಾನೇ ತಪ್ಪದ ಅಂತ ನಾ ಹೇಳ್ಲಕತ್ತೀನಿ.”

ಅಲ್ಲಿಂದ ಶುರುಮಾಡಿದವನು ಅರ್ಧ ತಾಸು ನಿಲ್ಲಲಿಲ್ಲ. ನಡುವೆ ಎದ್ದು ಕಿಟಕಿಯ ಕಡೆ ಹೋಗಿ ರಸ್ತೆ ನೋಡುತ್ತ ಮಾತಾಡಿದೆ, ತಿರುಗಿ ಬಂದೆ, ಮತ್ತೆ ಹೋದೆ. ಓಡಾಡುತ್ತ ವಾದಿಸುವುದು ನನ್ನ ಅಭ್ಯಾಸ. ಸ್ಪರ್ಧೆಗಳಲ್ಲಿ ಅದಕ್ಕೂ ಅಂಕ ಸಿಗುತ್ತಿತ್ತು. ಡಬ್ಬಿಯ ಮೇಲಿನ ಮೋಹ ಬರೀ ಭಾವುಕತೆ ಅಂದೆ. ಒಬ್ಬನ ಮುಷ್ಟಿ ಇಬ್ಬರ ಬೆರಳಿಗಿಂತ ಭಾರವಾದರೆ ಅದು ನ್ಯಾಯವೇ ಅಂದೆ. ಸಿದ್ಧಲಿಂಗ ನಡುನಡುವೆ “ಖರೆ ಅದ, ಆದ್ರ…” ಎನ್ನುತ್ತಿದ್ದ, ಮಹಾನಂದಾ ಅವನ ಮೇಲೆ ರೇಗುತ್ತಿದ್ದಳು, ಮೂವರ ಮಾತೂ ಒಂದರ ಮೇಲೊಂದು ಬೀಳುತ್ತಿತ್ತು. ಕಾಶಿನಾಥ ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡುತ್ತ ಕೂತಿದ್ದ. ಒಮ್ಮೆ “ಹಾಂ?” ಅಂದ. ನಾನದನ್ನು ಹೂಂಗುಟ್ಟಿದ್ದು ಎಂದುಕೊಂಡೆ.

ಕೊನೆಗೆ ಅವನ ಎದುರು ನಿಂತು, “ಇದಕ್ಕ ನಿಂದೇನು ಉತ್ತರ ಅದ, ಹೇಳು,” ಅಂದೆ.

ಅವನು ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದ. “ಏನೂ ಇಲ್ಲ. ಆತು, ನಡೀರಿ,” ಅಂದ.

ಚರ್ಚೆಯಲ್ಲಿ ಒಂದು ನಿಯಮವಿದೆ. ಎದುರಾಳಿ ಖಂಡಿಸದೆ ಬಿಟ್ಟ ವಾದವನ್ನು ಅವನು ಒಪ್ಪಿದ ಹಾಗೇ ಲೆಕ್ಕ. ಆ ಲೆಕ್ಕದ ಪ್ರಕಾರ ನಾನು ಗೆದ್ದಿದ್ದೆ. ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಸಿದ್ಧಲಿಂಗ ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳದೆ ಮಡಚಿ ಚೀಲದೊಳಗೆ ಇಟ್ಟದ್ದನ್ನು ನೋಡಿದೆ. ನೋಡಿ ಖುಷಿಯೂ ಪಟ್ಟೆ.

ಉತ್ಸವದ ದಿನ ಸಂಜೆ ನಾಲ್ಕಕ್ಕೆ ನಮ್ಮ ಸರದಿ. ಡ್ರಮ್ ಕಿಟ್ಟನ್ನು ವೇದಿಕೆಯ ಹಿಂಭಾಗದಲ್ಲಿ ಎತ್ತರದ ಕಟ್ಟೆಯ ಮೇಲೆ ಇಟ್ಟಿದ್ದರು. ಕಾಶಿನಾಥ ಸ್ಟೂಲಿನ ಮೇಲೆ ಕೂತ. ಮೊಣಕಾಲುಗಳ ನಡುವೆ ಏನೂ ಇರಲಿಲ್ಲ. ಸಿದ್ಧಲಿಂಗನೂ ಮಹಾನಂದಾಳೂ ಅವನಿಗೆ ಬೆನ್ನು ಮಾಡಿ ಕ್ಯಾಮೆರಾದ ಎದುರು ನಿಂತರು. ವೇದಿಕೆಯ ಮೇಲೆ ಮಾನಿಟರ್ ಎಂಬ ಸ್ಪೀಕರುಗಳಿರುತ್ತವೆ. ನುಡಿಸುವವರಿಗೆ ತಮ್ಮದೇ ದನಿ ಕೇಳಲೆಂದು ಅವರ ಕಡೆಗೇ ತಿರುಗಿಸಿ ಇಡುತ್ತಾರೆ. ಶುರುವಿಗೆ ಮುನ್ನ ಸೌಂಡ್‌ನವನು, “ಡ್ರಮ್‌ನವರಿಗೆ ಸಾಕೇನ್ರೀ?” ಎಂದು ಮೈಕಿನಲ್ಲಿ ಕೇಳಿದ. ಕಾಶಿನಾಥ ಉತ್ತರ ಕೊಡಲಿಲ್ಲ. “ಸಾಕು ಸಾಕು,” ಎಂದು ನಾನೇ ಕೆಳಗಿನಿಂದ ಕೂಗಿದೆ.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಸಿದ್ಧಲಿಂಗ ಜನರ ಉಮೇದು ನೋಡಿ ಒಂದು ನುಡಿ ಬಿಟ್ಟು ನೇರ ಕೊನೆಗೆ ಹಾರಿದ. ಶೆಡ್ಡಿನಲ್ಲಿ ಹೀಗೆ ಎಷ್ಟೋ ಸಲ ಮಾಡಿದ್ದ. ಕಾಶಿನಾಥ ಪ್ರತಿ ಸಲವೂ ಅವನ ಜೊತೆಗೇ ಹಾರುತ್ತಿದ್ದ. ಅಂದು ಹಾರಲಿಲ್ಲ. ಗಿಟಾರು ನಿಂತಿತು, ಕೂಗು ನಿಂತಿತು, ಡ್ರಮ್ ಮಾತ್ರ ನಡೆದೇ ಇತ್ತು. ತಲೆ ತಗ್ಗಿಸಿ, ಹಲ್ಲು ಕಚ್ಚಿ, ಇಲ್ಲದ ಹಾಡಿಗೆ ತಪ್ಪಿಲ್ಲದ ಲಯದಲ್ಲಿ ಅವನು ಬಾರಿಸುತ್ತಿದ್ದ. ಜನ ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ನಗತೊಡಗಿದರು. “ಏ ಭಾವೂ, ಥಾಂಬ್ ಕೀ ಆತಾ! ನಿಲ್ಸೋ ಮಾರಾಯಾ!” ಎಂದು ಎರಡೂ ಭಾಷೆಯಲ್ಲಿ ಕೂಗಿದರು. ಮಹಾನಂದಾ ಕಟ್ಟೆ ಹತ್ತಿ ಡ್ರಮ್ಮಿನ ಚರ್ಮದ ಮೇಲೆ ಅಂಗೈ ಇಟ್ಟಳು. ಆಗ ಅವನು ತಲೆ ಎತ್ತಿದ. ಮೈದಾನದ ತುಂಬ ತೆರೆದ ಬಾಯಿಗಳನ್ನು ನೋಡಿದ. ಕೋಲುಗಳನ್ನು ಸ್ಟೂಲಿನ ಮೇಲೆ ಜೋಡಿಸಿಟ್ಟು, ಹಿಂದಿನ ಮೆಟ್ಟಿಲು ಇಳಿದು, ತನ್ನೂರ ದಾರಿಯ ನಿಲಂಗಾ ಬಸ್ಸು ಹಿಡಿದು ಹೋಗಿಬಿಟ್ಟ.

ಆ ವೀಡಿಯೋ ನಾವು ಊರು ಮುಟ್ಟುವ ಮೊದಲೇ ದಾಳಿಂಬ ಮುಟ್ಟಿತ್ತು.

ಒಂದು ವಾರ ಅವನು ಫೋನ್ ಎತ್ತಲಿಲ್ಲ. ನಾನು ಉಮರ್ಗಾದಿಂದ ಆಟೋ ಹಿಡಿದು ಹೋದೆ. ಖರೆ ಹೇಳಬೇಕೆಂದರೆ ಜಗಳ ಆಡಲೆಂದೇ ಹೋದೆ. ಅಭ್ಯಾಸ ಮಾಡದೆ ವೇದಿಕೆ ಹತ್ತಿದ್ದು ಅವನ ತಪ್ಪು ಎಂಬ ವಾದ ದಾರಿಯಲ್ಲೇ ಸಿದ್ಧವಾಗಿತ್ತು. ಅಂಗಳದಲ್ಲಿ ಅವನ ವೈನಿ, ಅಣ್ಣನ ಹೆಂಡತಿ, ಸೋಯಾ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೆ.

“ಓ, ಮೆನೇಜರ್ ನೀವೇ ಏನ್ರೀ?” ಮೊರ ಕೆಳಗಿಟ್ಟಳು. “ಕಿವಿ ಕೇಳದವನಿಗಿ ಅಷ್ಟು ಎತ್ತರದ ಮ್ಯಾಲ ಒಬ್ಬನ್ನೇ ಕುಂದರಿಸೀರಲ್ಲ, ನಿಮಗ ಹ್ಯಾಂಗ ಮನಸು ಬಂತ್ರೀ?”

ನನಗೆ ಅರ್ಥವಾಗಲಿಲ್ಲ. “ಯಾರಿಗಿ ಕಿವಿ ಕೇಳಂಗಿಲ್ಲ?”

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಯಾವ ತೀರ್ಪುಗಾರನ ಮುಖದಲ್ಲೂ ಕಂಡಿಲ್ಲ. “ರಾಶಿ ಮಷಿನಿಗಿ ಸೂಡು ಕೊಟ್ಟು ಕೊಟ್ಟು, ಅದರ ಗದ್ದಲಕ್ಕ ಎಡಗಿವಿ ಎಂದೋ ಹೋಗ್ಯಾದ. ಬಲಗಿವಿ ಅರ್ಧಾನೂ ಇಲ್ಲ. ಮಂದಿ ಬಾಯಿ ನೋಡಿ ತಿಳ್ಕೋತಾನ. ಡಬ್ಬಿ ತೊಡಿಗಿ ಹಚ್ಕೊಂಡ್ರ ಅದುರೋದ್ರಾಗ ಗೊತ್ತಾಗ್ತದ ಅಂತಾನ. ಮೂರು ವರ್ಷ ಜೋಡಿ ಕುಂತೀರಿ. ಒಬ್ಬರಿಗೂ ತಿಳೀಲಿಲ್ಲೇನ್ರೀ?”

ತಿಳಿದಿರಲಿಲ್ಲ. ಎರಡು ಸಲ ಕರೆದ ಮೇಲೆ ತಿರುಗುವವನನ್ನು ಸಿದ್ಧಲಿಂಗ ‘ಗೌಡ’ ಎಂದು ಚೇಷ್ಟೆ ಮಾಡುತ್ತಿದ್ದ, ನಾವು ನಗುತ್ತಿದ್ದೆವು. ಹಾಡುವವನು ತನ್ನ ಕಡೆ ಮುಖ ಮಾಡಲಿ ಎಂದು ಮೊದಲ ವಾರವೇ ಕೇಳಿದವನು ಕಾಶಿನಾಥ. ಮುಖ ನೋಡಿ ಪ್ರಶ್ನೆ ಹೇಳಬೇಕು ಎಂಬ ನಿಯಮ ಸೇರಿಸಿದವನೂ ಅವನೇ. ಇದೆಲ್ಲ ಸಿದ್ಧಲಿಂಗ ಆಮೇಲೆ ನೆನಪು ಮಾಡಿಕೊಂಡು ಹೇಳಿದ್ದು. ನಾನು ಬಂಡಾಯ ಎಂದು ವಿವರಿಸಿದ್ದು ಒಬ್ಬನಿಗೆ ಹಾಡು ಕಾಣಲಿ ಎಂಬ ಏರ್ಪಾಡಾಗಿತ್ತು. ನಿಲಂಗಾದ ಮಾಳಿಗೆಯ ಮೇಲೆ ನಾನು ಕಿಟಕಿಯ ಕಡೆ ಮುಖ ಮಾಡಿ ಗೆದ್ದ ವಾದ ಅವನಿಗೆ ಕೇಳಿಯೇ ಇರಲಿಲ್ಲ.

ಅವನು ಹೊಲದಲ್ಲಿದ್ದ, ತೊಗರಿಯ ಸಾಲಿನ ನಡುವೆ. ಹಿಂದಿನಿಂದ ಕರೆಯಲಿಲ್ಲ, ಸುತ್ತು ಹಾಕಿ ಎದುರಿಗೆ ಹೋಗಿ ನಿಂತೆ. ಅವನಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. “ವೈನಿ ಹೇಳಿದ್ಳೇನು?” ಅಂದ.

“ಅವತ್ತು ನೀನೇ ಹೇಳಬೇಕಿತ್ತಲ್ಲೋ, ಕಾಶ್ಯಾ.”

“ಯಾಕಂತ ಕೇಳಬಾರ್ದು ಅಂತ ಇತ್ತಲ್ಲ,” ಅಂದ. ಸಿಟ್ಟಿನಿಂದಲ್ಲ. “ಅದ್ಕೇ ಬ್ಯಾಂಡಿಗಿ ಬರ್ತಿದ್ದೆ. ಮನ್ಯಾಗ, ಊರಾಗ ಎಲ್ಲಾರೂ ಕೇಳ್ತಾರ. ಅಲ್ಲೊಂದೇ ಕಡಿ ಯಾರೂ ಕೇಳ್ತಿದ್ದಿಲ್ಲ.”

ಬಿಸಿಲಿಗೆಂದು ನಾನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ ಟವೆಲ್ಲು ತೆಗೆದೆ. ಅವನ ಮುಖ ನೋಡಿ, ಬಾಯಿ ಬಿಡಿಸಿ, ನಿಧಾನವಾಗಿ ಕೇಳಿದೆ: “ಡಬ್ಬೀನೇ ಇರ್ಲಿ, ಶೆಡ್ಡೇ ಇರ್ಲಿ. ಮತ್ತ ಶುರು ಮಾಡೋಣೇನು?” ಟವೆಲ್ಲಿನ ಕೆಳಗೆ ಅವನು ಕೈ ತಂದ. ಮಣ್ಣಿನ ಕೈ, ಬೆಚ್ಚಗಿತ್ತು. ಒಂದು ಬೆರಳಿಗಾಗಿ ಕಾದೆ. ನನ್ನ ಅಂಗೈಯೊಳಗೆ ಅವನು ಮೆಲ್ಲಗೆ ಮುಷ್ಟಿ ಕಟ್ಟಿದ.

‘ಹೊಟ್ಟು’ ಮತ್ತೆ ನುಡಿಸಲಿಲ್ಲ. ಸಿದ್ಧಲಿಂಗ ಅಪ್ಪನ ಜೊತೆ ಸಂತೆಗೆ ಹೋಗುತ್ತಾನೆ. ಮಹಾನಂದಾ ನನ್ನೊಡನೆ ಮಾತು ಬಿಟ್ಟಳು, ಈಗಲೂ ಆಡುವುದಿಲ್ಲ. ಅವಳ ಪಕ್ಷವೇ ಸರಿ. ನಾನು ಈ ಕೆಲಸದಲ್ಲೇ ಉಳಿದೆ. ಯಾವ ತಂಡ ಬಂದರೂ ಮಾತು ಮುಗಿಸುವ ಮೊದಲು ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿ, ಎದುರು ಕೂತು, ಒಪ್ಪಿಗೆಯೇ ಎಂದು ಕೇಳುತ್ತೇನೆ. ಬೇಡ ಅಂದರೆ ಬೇಡ. ಸುಮ್ಮನಾದವನು ಸೋತವನು ಎಂದು ನನಗೆ ಕಲಿಸಿದ್ದರು. ಅವನಿಗೆ ನನ್ನ ಮಾತು ಮುಟ್ಟಿದೆಯೋ ಇಲ್ಲವೋ ಎಂದು ಮೊದಲು ನೋಡಬೇಕೆಂದು ಈ ಕೆಲಸ ಕಲಿಸಿತು, ತಡವಾಗಿ.

ಅಂದು ತೊಗರಿ ಸಾಲಿನಲ್ಲಿ ನನ್ನ ಹತ್ತಿರ ಮೂರು ಒಳ್ಳೆಯ ವಾದಗಳಿದ್ದವು. ಮೂರೂ ಬಾಯಿಯ ತನಕ ಬಂದವು. ಟವೆಲ್ಲು ಮಡಚಿ ಹೆಗಲ ಮೇಲೆ ಹಾಕಿಕೊಂಡೆ. ಯಾಕೆ ಎಂದು ಕೇಳಲಿಲ್ಲ.