ಛತ್ರಿ ಹಾಡಿನ ಬ್ರೇಕಕ್ಕ

ಡ್ರೈವಿಂಗ್ ಸ್ಕೂಲಿಗೆ ಬರುವವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಇನ್ನೊಂದು ಬ್ರೇಕನ್ನು ಒತ್ತುತ್ತಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಕಲಿಯುವವರು ಗೋಡೆಯ ಕಡೆಗೆ ನುಗ್ಗಿದರೂ ಅವಳು ದನಿ ಏರಿಸುತ್ತಿರಲಿಲ್ಲ. “ಗೋಡೆ ಎಲ್ಲೂ ಓಡಿಹೋಗಲ್ಲ, ನಿಧಾನ,” ಎನ್ನುತ್ತಿದ್ದಳು, ಅಷ್ಟೇ.

ಆ ದನಿ ಒಂದು ಕಾಲಕ್ಕೆ ಮನೆಮನೆಯಲ್ಲಿ ಕೇಳಿಸಿತ್ತೆಂಬುದು ಸ್ಕೂಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅವಳೂ ಅವಳ ಅಕ್ಕನೂ ಸೇರಿ ಒಂದು ಪಾಪ್ ಹಾಡು ಹಾಡಿದ್ದರು. ಅದೊಂದೇ ಹಾಡಿನ ಕ್ಯಾಸೆಟ್ ಹೊರಬಂದಿತ್ತು, ಅದನ್ನು ಸಿಂಗಲ್ ಎನ್ನುತ್ತಿದ್ದರು. ಹುಡುಗಿಯ ಮನೆಯಲ್ಲಿ ಬೇಕೆಂದೇ ಛತ್ರಿ ಮರೆತು ಬರುವ ಹುಡುಗನ ಕತೆ ಆ ಹಾಡಿನದು. ಅಕ್ಕನದು ಕೆಳದನಿ, ಇವಳದು ಮೇಲುದನಿ. ಪಲ್ಲವಿಯ ಕೊನೆಗೆ ಇವಳೊಬ್ಬಳೇ “ಬಾ” ಎಂದು ಎಳೆದು ಮುಗಿಲಿಗೇರಿಸಬೇಕಿತ್ತು. ವಿಡಿಯೋಗೆಂದು ಗ್ಯಾರೇಜೊಂದರ ಗೋಡೆಗೆ ಹಳದಿ ಬಳಿದು, ಬಣ್ಣ ಒಣಗುವ ಮೊದಲೇ ಕುಣಿದಿದ್ದರಿಂದ ಅಕ್ಕನ ಬೆನ್ನೆಲ್ಲ ಹಳದಿಯಾಗಿತ್ತು. ಟೀವಿಯ ವಾರದ ಹಾಡುಗಳಲ್ಲಿ ಅದು ಮೂರನೇ ಸ್ಥಾನಕ್ಕೇರಿತು.

ಎರಡನೇ ಹಾಡು ಯಾವಾಗ ಬಂತು, ಯಾವಾಗ ಹೋಯಿತು, ಮನೆಯವರಿಗೇ ತಿಳಿಯಲಿಲ್ಲ. ಅಕ್ಕ ಮುಖ ಊದಿಸಿಕೊಂಡು ಹಾಡುವುದನ್ನೇ ಬಿಟ್ಟಳು. ಮದುವೆಯಾಗಿ ದೂರದ ಊರು ಸೇರಿದಳು. ತಂಗಿಗೆ ಅಷ್ಟೇನೂ ನೋವಾಗಲಿಲ್ಲ. ಹಾಡುತ್ತಿದ್ದ ದಿನಗಳಲ್ಲೇ, ವಾದ್ಯ ಸಾಗಿಸುತ್ತಿದ್ದ ವ್ಯಾನನ್ನು ಓಡಿಸಲು ತಂಡದಲ್ಲಿ ಡ್ರಮ್ಮು ಬಾರಿಸುವವನಿಂದ ಕಲಿತಿದ್ದಳು. ಸ್ಟೀರಿಂಗ್ ಹಿಡಿದಾಗಿನ ಖುಷಿ ಮೈಕಿನ ಮುಂದಿನ ಖುಷಿಗಿಂತ ಕಮ್ಮಿಯೇನಿರಲಿಲ್ಲ. ಆ ಡ್ರಮ್ಮಿನವನನ್ನೇ ಕಟ್ಟಿಕೊಂಡಳು, ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು.

ಮೊನ್ನೆ ಮೊನ್ನೆ ಅವಳ ಬಳಿ ಒಬ್ಬರು ಹೆಡ್ ನರ್ಸ್ ಕಲಿಯಲು ಬಂದರು. ಆಪರೇಷನ್ ಕೋಣೆಯಲ್ಲಿ ಅಳುಕದ ಹೆಂಗಸಿಗೆ ಸ್ಟೀರಿಂಗ್ ಮುಟ್ಟಿದರೆ ಕೈಕಾಲು ತಣ್ಣಗಾಗುತ್ತಿತ್ತು. ಟೆಸ್ಟಿನಲ್ಲಿ ಏರು ಹತ್ತಿಸುವಾಗ ಗಾಡಿ ಹಿಂದಕ್ಕೆ ಜಾರಿ ಎರಡು ಸಲ ಫೇಲಾಗಿದ್ದರು.

“ನನ್ ಹಣೇಲಿ ಬಸ್ಸೇ ಬರ್ದಿರೋದು, ಬಿಡಿ,” ಎಂದು ಅವರು ಗೊಣಗುತ್ತಿದ್ದ ಒಂದು ಬೆಳಗ್ಗೆ ಕಾರಿನ ರೇಡಿಯೋದಲ್ಲಿ ಛತ್ರಿ ಹಾಡು ಶುರುವಾಯಿತು. ನರ್ಸಿನ ಮುಖ ಅರಳಿತು. ಜೋರಾಗಿ ದನಿಗೂಡಿಸಿದರು. ಕಾಲು ತನ್ನಷ್ಟಕ್ಕೆ ಕ್ಲಚ್ಚನ್ನು ಹದವಾಗಿ ಬಿಟ್ಟಿತು. ಗಾಡಿ ಸೇತುವೆಯ ಏರನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹತ್ತಿ ಇಳಿಯಿತು.

“ಅಯ್ಯೋ, ಏರು ಎಲ್ಲಿ?”

“ಬಂತು, ಹೋಯ್ತು.”

“ಹೊಸದಾಗಿ ಕೆಲಸಕ್ಕೆ ಸೇರಿದಾಗ ಕ್ವಾರ್ಟರ್ಸಲ್ಲಿ ಬಟ್ಟೆ ಒಗೀತಾ ಎಲ್ರೂ ಇದನ್ನೇ ಹಾಡ್ತಿದ್ವಿ. ಆ ‘ಬಾ’ ಮಾತ್ರ ಯಾರ ಗಂಟ್ಲಿಗೂ ಹತ್ತಲಿಲ್ಲ. ಆ ಹುಡುಗಿ ಈಗ ಎಲ್ಲಿದಾಳೋ ಏನೋ!”

“ನಿಮ್ ಪಕ್ಕದಲ್ಲೇ ಇದಾಳೆ. ಕನ್ನಡಿ ನೋಡ್ಕೊಂಡು ಎಡಕ್ಕೆ ತಗೊಳ್ಳಿ.”

ನರ್ಸ್ ನಕ್ಕರು. ಆಮೇಲೆ ತಿರುಗಿ ನೋಡಿದರು. ಗಾಡಿ ಓಲಾಡಿತು, ಬ್ರೇಕಕ್ಕ ಬ್ರೇಕ್ ಒತ್ತಿದಳು.

“ಸುಳ್ಳು! ಎಲ್ಲಿ, ಹಾಡಿ ನೋಡೋಣ.”

ಅವಳು ಕಿಟಕಿಯ ಗಾಜು ಏರಿಸಿ ಹಾಡಿದಳು. “ಬಾ” ಅರ್ಧಕ್ಕೇರಿ ಕೆಮ್ಮಾಗಿ ಮುಗಿಯಿತು. ಆದರೆ ದನಿ ಅದೇ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ.

ಮೂರನೇ ಟೆಸ್ಟಿನ ದಿನ ಏರಿನ ಬುಡದಲ್ಲಿ ಇನ್‌ಸ್ಪೆಕ್ಟರ್ ಕೇಳಿದರು: “ಏನಮ್ಮಾ ಅದು, ಬಾಯಲ್ಲಿ?”

“ಹಾಡು ಸಾರ್. ಇದಿಲ್ದೆ ಗಾಡಿ ಮೇಲಕ್ಕೆ ಹೋಗಲ್ಲ.”

“ಹಾಗಾದ್ರೆ ನಿಲ್ಲಿಸ್ಬೇಡಿ,” ಎಂದರು ಅವರು. ನರ್ಸ್ ಪಾಸಾದರು.

ಪಾಸಾದವರು ಸುಮ್ಮನಿರುತ್ತಾರೆಯೇ? ಆಸ್ಪತ್ರೆಯ ವಾರ್ಷಿಕ ಕೂಟಕ್ಕೆ ಬಂದು ಹಾಡಲೇಬೇಕೆಂದು ಪಟ್ಟು ಹಿಡಿದರು. ಬ್ರೇಕಕ್ಕ ಅಕ್ಕನಿಗೆ ಫೋನ್ ಮಾಡಿದಳು. “ಆ ಹಾಡಿನ ಸುದ್ದಿ ನನ್ನತ್ರ ಎತ್ಬೇಡ ಕಣೇ,” ಎಂದು ಫೋನಿಟ್ಟ ಅಕ್ಕ, ಕೂಟದ ದಿನ ಮಧ್ಯಾಹ್ನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನೀನೊಬ್ಳೇ ಹಾಡಿದ್ರೆ ಕೆಳದನಿ ಯಾರು ಹಾಡ್ತಾರೆ, ನಿನ್ ಗಂಡನಾ?”

“ಹಾಡಿದ್ದೇ ಹಾಡೋ ಕಿಸುಬಾಯಿ ದಾಸರು ಒಟ್ಟಾದ್ರಪ್ಪಾ,” ಎಂದು ಗಂಡ ರೇಗಿಸಿದ. ಅಷ್ಟರಲ್ಲಾಗಲೇ ಅವನು ಅಟ್ಟದಿಂದ ಡ್ರಮ್ಮು ಇಳಿಸಿ ಧೂಳು ಒರೆಸುತ್ತಿದ್ದ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೇಜುಗಳನ್ನು ಸರಿಸಿ ಜಾಗ ಮಾಡಿದ್ದರು. ಅಕ್ಕನ ಕೆಳದನಿ ಕೂದಲೆಳೆಯಷ್ಟೂ ಕೆಟ್ಟಿರಲಿಲ್ಲ. ಪಲ್ಲವಿ ಮುಗಿಯುತ್ತ ಬಂದಾಗ ಬ್ರೇಕಕ್ಕ ಉದ್ದಕ್ಕೆ ಉಸಿರೆಳೆದುಕೊಂಡಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಇಡೀ ಕ್ಯಾಂಟೀನು, ಹಳೆಯ ನರ್ಸುಗಳು, ಆಯಾಗಳು, ಅಡುಗೆಯವನು, ಎಲ್ಲರೂ ಒಟ್ಟಿಗೆ “ಬಾ” ಎಂದು ಕೂಗಿದರು. ಒಬ್ಬರ ಶ್ರುತಿಯೂ ಇನ್ನೊಬ್ಬರದಕ್ಕೆ ಸೇರಲಿಲ್ಲ. ಅಕ್ಕ ಹಾಡುವುದನ್ನು ನಿಲ್ಲಿಸಿ, ತಂಗಿಯ ಭುಜ ಹಿಡಿದು, ಬಿದ್ದು ಬಿದ್ದು ನಕ್ಕಳು. ಜನ ಬಿಡದೆ ಮತ್ತೆ ಹಾಡಿಸಿದರು.

ಮರುದಿನವೇ ಹೊರಡುತ್ತೇನೆಂದಿದ್ದ ಅಕ್ಕ ವಾರ ಕಳೆದರೂ ಚೀಲ ಕಟ್ಟಲಿಲ್ಲ. ಬೆಳಗ್ಗೆ ಬ್ರೇಕಕ್ಕ ಕೆಲಸಕ್ಕೆ ಹೊರಡುವಾಗ ಅವಳಿಗಿನ್ನೂ ಗಾಢ ನಿದ್ದೆ. ಹೊದಿಕೆ ಸರಿಮಾಡಿ, ಸದ್ದಾಗದಂತೆ ಬಾಗಿಲೆಳೆದುಕೊಂಡು, ಬ್ರೇಕಕ್ಕ ಬೀದಿಗಿಳಿದಳು. ತಿರುವಿನಲ್ಲಿ ಕಲಿಯಲು ಹೊಸದಾಗಿ ಸೇರಿದ್ದ ದರ್ಜಿಯೊಬ್ಬ ಕಾರಿನ ಪಕ್ಕ ನಿಂತು ಬೆವರೊರೆಸಿಕೊಳ್ಳುತ್ತಿದ್ದ.

“ಬನ್ನಿ ಅಣ್ಣ, ಕೂತ್ಕೊಳ್ಳಿ,” ಎಂದಳು. “ಮೊದಲು ಸೀಟು ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ.”