ಮಾವನವರು ಹಾರಿಸದ ಗುಂಡು

ನಮ್ಮ ಮಾವನವರ ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಜೋಳದ ಕಾಳಿನಷ್ಟು ದಪ್ಪದ ಬಿಳಿ ಕಲೆಗಳು ಚೆಲ್ಲಿಕೊಂಡಿದ್ದವು. ಉಗಾರದಿಂದ ಕಬ್ಬೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ತೊನ್ನು ಎಂದುಕೊಂಡಿದ್ದೆ. ಒಂದು ಮುಂಜಾನೆ ಚಹಾ ಕೊಡುವಾಗ ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಅವರೇ ನಕ್ಕರು.

"ಹೆದರಬ್ಯಾಡವ್ವಾ, ರೋಗ ಅಲ್ಲ ಇದು. ಕಾದ ಸೀಸದಾಗ ಒಂದು ಹನಿ ನೀರು ಬಿತ್ತಂದ್ರ ಹಿಂಗ ಸಿಡೀತೈತಿ."

ಅವರು ಗುಂಡು ಎರೆಯುತ್ತಿದ್ದರು. ಅವರ ಅಜ್ಜನಿಂದ ಬಂದ ಒಂದು ಭಾರಿ ಬಂದೂಕು ಮನೆಯಲ್ಲಿತ್ತು. ನಳಿಗೆ ಎಷ್ಟು ಅಗಲವೆಂದರೆ ನನ್ನ ಹೆಬ್ಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕೋಲಿನಿಂದ ಒತ್ತಬೇಕು. ಒಮ್ಮೆ ಹಾರಿಸಿದರೆ ಮತ್ತೆ ಮೊದಲಿನಿಂದ ಎಲ್ಲ ಕೆಲಸ. ಬೆಳೆ ಕಾಯಲೆಂದು ಪರವಾನಗಿ ಇತ್ತು. ಮದ್ದು ಬೆಳಗಾವಿಯಲ್ಲಿ ಸಿಗುತ್ತಿತ್ತು, ಆದರೆ ಅಷ್ಟು ದಪ್ಪ ಗುಂಡನ್ನು ಯಾವ ಅಂಗಡಿಯವನೂ ಇಟ್ಟಿರಲಿಲ್ಲ. ನಿಪ್ಪಾಣಿಗೆ ಹೋದಾಗಲೆಲ್ಲ ಮಾವನವರು ಗುಜರಿ ಅಂಗಡಿಯಲ್ಲಿ ಹಳೆಯ ಸೀಸ ಹುಡುಕಿ ತರುತ್ತಿದ್ದರು. ದನದ ಕೊಟ್ಟಿಗೆಯ ಆಚೆ ಬೇರೆಯೇ ಒಂದು ಒಲೆ ಹೂಡಿ, ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಇಕ್ಕಳದಂಥ ಅಚ್ಚಿಗೆ ಸುರಿಯುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. "ಈ ಹೊಗಿ ಚಲೋ ಅಲ್ಲ, ಆ ಕಡಿ ಹೋಗ್ರಿ" ಎಂದು ಗದರುತ್ತಿದ್ದರು. ಆರಿದ ಗುಂಡುಗಳನ್ನು ಕಟ್ಟೆಯ ಮೇಲೆ ಒಂದೊಂದಾಗಿ ಉರುಳಿಸಿ ನೋಡಿ, ಸುಕ್ಕು ಬಿದ್ದದ್ದನ್ನೆಲ್ಲ ತಿರುಗಿ ಸೌಟಿಗೆ ಹಾಕುವರು.

ಅವರಿಗೆ ಅದು ಬರೀ ಬೆಳೆ ಕಾಯುವ ಕೆಲಸವಾಗಿರಲಿಲ್ಲ, ಹುಚ್ಚು. ರವಿವಾರ ಹಳ್ಳದ ದಂಡೆಯ ಮಣ್ಣಿನ ದಿಬ್ಬಕ್ಕೆ ಹಲಗೆ ಒರಗಿಸಿ ಹೊಡೆಯುವರು. ಮನೆಯ ಹಂಚು ನಡುಗಿದಂತಾಗಿ ಅತ್ತೆ ಬೈಯುತ್ತ ಕೂಡುವರು. ಸಂಜೆ ದಿಬ್ಬ ಕೆದರಿ, ಚಪ್ಪಟೆಯಾದ ಗುಂಡನ್ನು ಅಂಗೈಲಿಟ್ಟುಕೊಂಡು ಬಂದು ನನಗೆ ತೋರಿಸುವರು. ಹಲಗೆ ತೂರಿ ಮೊಳದುದ್ದ ಮಣ್ಣಿನೊಳಗೆ ಹೋಗಿರುತ್ತಿತ್ತು.

"ಹಂದಿ ಮೈಯಾಗ ಹೊಕ್ಕರೂ ಇದು ಒಳಗ ನಿಂದರೂದಿಲ್ಲ ನೋಡವ್ವಾ. ಆಚೀ ಕಡಿ ಹೊಂಟಿರ್ತೈತಿ."

ನನಗೆ ಆ ಬಂದೂಕು ಎಂದೂ ಸೇರಲಿಲ್ಲ. ಆದರೂ ಅವರು ಅದನ್ನು ತೋರಿಸುವಾಗಿನ ಮುಖ ನೋಡಿ ಹೂಂಗುಟ್ಟುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಹಂದಿಗಳ ಕಾಟ ವಿಪರೀತವಾಯಿತು. ಅರಣ್ಯ ಇಲಾಖೆಯವರು ಹೊಡೆಯಲು ಅನುಮತಿ ಕೊಟ್ಟರು. ನಮ್ಮ ಕಬ್ಬು ಕಡಿಯಲು ಬೀಡ್ ಜಿಲ್ಲೆಯ ಕಡೆಯ ಕೂಲಿಕಾರರ ಗ್ಯಾಂಗು ಬಂದಿತ್ತು. ಸುತ್ತಲಿನ ಕಬ್ಬೆಲ್ಲ ಕಡಿದು ನಡುವೆ ಒಂದು ತುಂಡು ಉಳಿದಾಗ, ಹಂದಿಗಳು ಅದರೊಳಗೆ ಸಿಕ್ಕಿಬಿದ್ದವು. ಮಾವನವರು ಬಂದೂಕು ತುಂಬಿಕೊಂಡು ಬದುವಿನ ಮೇಲೆ ನಿಂತರು. ನಮ್ಮ ಮನೆಯವರು ಆಳುಗಳ ಜೊತೆ ಡಬ್ಬಿ ಬಡಿಯುತ್ತ ಎಬ್ಬಿಸಲು ಹೋದರು.

ಇದಾವುದೂ ನನಗೆ ತಿಳಿಯದು. ಬುತ್ತಿ ಹೊತ್ತುಕೊಂಡು ಕಬ್ಬಿನ ಇನ್ನೊಂದು ಮಗ್ಗುಲಿನ ಗಾಡಿದಾರಿಯಲ್ಲಿ ಬರುತ್ತಿದ್ದೆ. ಗ್ಯಾಂಗಿನ ಇಬ್ಬರು ಹೆಂಗಸರೂ ನನ್ನ ಜೊತೆಗಿದ್ದರು. ಕಬ್ಬಿನಾಚೆ ನಮ್ಮ ಮನೆಯವರ ದನಿ ಕೇಳಿತು.

"ಅಪ್ಪಾ, ಹೊಡಿ! ಹೊಡಿ ಅಪ್ಪಾ!"

ಬಂದೂಕಿನ ಸದ್ದು ಬರಲಿಲ್ಲ. ಬಂದದ್ದು ಚೀರಾಟ.

ದೊಡ್ಡ ಗಂಡು ಹಂದಿಯೊಂದು ಹೊರಬಿದ್ದು, ಮಾವನವರಿಗೆ ಅಡ್ಡಲಾಗಿ ಅರೆಗಳಿಗೆ ನಿಂತಿತ್ತಂತೆ. ಅದರ ಹಿಂದೆ ಕಬ್ಬು, ಕಬ್ಬಿನ ಹಿಂದೆ ನಾವು. ಮಾವನವರು ಗುರಿ ಹಿಡಿದವರು ಹಾಗೇ ನಿಂತುಬಿಟ್ಟರು. ಹಂದಿ ತಿರುಗಿ, ಪಕ್ಕದಲ್ಲಿ ಕಬ್ಬಿನಿಂದ ಹೊರಬಂದಿದ್ದ ನಮ್ಮ ಮನೆಯವರ ತೊಡೆಯನ್ನು ಮೊಣಕಾಲಿನವರೆಗೆ ಸೀಳಿಹಾಕಿತು. ನಾನು ಓಡಿ ಬಂದಾಗ ಮಾವನವರು ತಲೆಯ ಪಟಕಾ ಬಿಚ್ಚಿ ಮಗನ ಕಾಲಿಗೆ ಬಿಗಿಯುತ್ತಿದ್ದರು.

ಮಿರಜಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿದರು. ಆದರೆ ಮೊಣಕಾಲು ಮತ್ತೆ ಮಡಚಲಿಲ್ಲ.

ಊರವರು, "ಮುದುಕನ ಕೈ ನಡುಗೇತಿ" ಎಂದರು. ಅತ್ತೆ ಆಸ್ಪತ್ರೆಯ ಮೊಗಸಾಲೆಯಲ್ಲೇ ಎಲ್ಲರೆದುರು ಅಂದುಬಿಟ್ಟರು: "ಹಲಿಗಿಗೆ ಹೊಡಿಯಾಕ ಬರ್ತೈತಿ, ಹೆತ್ತ ಮಗನ್ನ ಉಳಸಾಕ ಬರಲಿಲ್ಲ ನಿನಗ?"

ನಾನು ಸುಮ್ಮನಿರಲಿಲ್ಲ. ಹಾಸಿಗೆಯ ಪಕ್ಕ ಕೂತು ನಮ್ಮ ಮನೆಯವರಿಗೆ ಹೇಳಿದೆ, "ಗುಂಡು ಹಾರಿದ್ರ ನಾ ಇರತಿದ್ದಿಲ್ಲರಿ. ನೆಟ್ಟಗ ಅದರ ಹಿಂದ ಇದ್ದೆ."

ಅವರು ಕೇಳಿದರು, "ನೀ ಅಲ್ಲಿದ್ದಿ ಅನ್ನೂದು ಅಪ್ಪಗ ಗೊತ್ತಿತ್ತೇನು?"

"ಇಲ್ಲ."

"ಮತ್ತ?"

ಆ 'ಮತ್ತ'ಕ್ಕೆ ಉತ್ತರವನ್ನು ಮಾವನವರನ್ನೇ ಕೇಳಬೇಕಾಯಿತು. ಅಷ್ಟರಲ್ಲಿ ಅವರು ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ಒಲೆಯನ್ನೂ ಕಿತ್ತುಹಾಕಿದ್ದರು. ಒಂದು ಮಧ್ಯಾಹ್ನ ಅವರು ಒಬ್ಬರೇ ದನಕ್ಕೆ ಮೇವು ಹಾಕುತ್ತಿದ್ದಾಗ ಹತ್ತಿರ ಹೋದೆ.

"ಮಾವಾರ, ಕಬ್ಬಿನ ಹಿಂದ ಯಾರರ ಅದಾರ ಅಂತ ಅನಿಸಿ ಹೊಡಿಯೂದು ಬಿಟ್ರೇನ್ರಿ?"

ಮೇವಿನ ಸಿವುಡು ಕೈಯಲ್ಲೇ ಉಳಿಯಿತು.

"ಹಂಗ ಹೇಳಿದ್ರ ನನಗ ಚಲೋ ಆಕ್ಕಿತ್ತವ್ವಾ. ಹಿಂದ ಏನೈತಿ ಕಾಣಲಿಲ್ಲ, ಅದು ಖರೆ. ಅದಕ್ಕ ಬಿಟ್ನೋ, ಹೆದರಿ ಬಿಟ್ನೋ, ನನಗ ತಿಳೀವಲ್ದು. ಮಗ ಒದರಾಕತ್ತಿದ್ದ. ಗುಂಡು ಹಾರಸಾಕ ಬಟ್ಟು ಏಳಲಿಲ್ಲ." ಸಿವುಡನ್ನು ದನದ ಮುಂದೆ ಹಾಕಿ ಮತ್ತೆ ಹೇಳಿದರು, "ನಿನ್ನ ಉಳಿಸೀನಿ ಅಂತ ಯಾರ ಮುಂದೂ ಹೇಳಬ್ಯಾಡ. ನಾ ಉಳಿಸಿಲ್ಲ. ನೀ ಉಳದೀದಿ."

ನನಗೆ ಅಳು ಬಂತು. ಅವರು ಅಳಲಿಲ್ಲ.

ಅಲ್ಲಿಂದ ಮುಂದೆ ಮಗ ಮಾಡಬೇಕಾದ ಕೆಲಸಗಳನ್ನೆಲ್ಲ ಆ ವಯಸ್ಸಿನಲ್ಲಿ ಅವರೇ ಮಾಡಿದರು. ದ್ರಾಕ್ಷಿಗೆ ಔಷಧಿ ಹೊಡೆದರು, ಕಬ್ಬಿಗೆ ನೀರು ತಿರುವಿದರು. ಯಾರಾದರೂ ಬೇಡವೆಂದರೆ ಸಿಟ್ಟಿಗೇಳುತ್ತಿದ್ದರು. ತಂದೆಮಕ್ಕಳ ನಡುವೆ ನೀರು, ಗೊಬ್ಬರ, ಕರೆಂಟಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಬ್ಬರು ಪಡಸಾಲೆಗೆ ಬಂದರೆ ಇನ್ನೊಬ್ಬರು ಏನೋ ನೆನಪಾದವರಂತೆ ಹೊರಗೆ ಹೋಗುವರು.

ಹೋದ ಬೇಸಿಗೆಯಲ್ಲಿ ಮಾವನವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿತ್ತು. ವೈದ್ಯರು ಮನೆಗೆ ಕರೆದೊಯ್ಯಿರಿ ಎಂದರು. ಒಂದು ಸಂಜೆ ನಾನು ಗಂಜಿ ಕುಡಿಸುತ್ತಿದ್ದಾಗ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಏನೆನ್ನಿಸಿತೋ, ಕಾಲೆಳೆಯುತ್ತ ಒಳಗೆ ಬಂದು, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಕಾಲು ನೀಡಿ ಹೊರಸಿನ ಅಂಚಿಗೆ ಕೂತರು. ಮಾವನವರು ಎರಡು ಗುಟುಕು ಕುಡಿದು, ಆ ನೀಡಿದ ಕಾಲನ್ನೇ ನೋಡುತ್ತ ಕೇಳಿದರು:

"ನೋಯ್ತೈತೇನೋ?"

ಆ ಕಾಲು ಒಂದು ದಿನವೂ ನೋಯದೆ ಇರಲಿಲ್ಲ. ಅದಕ್ಕೆ ಎಣ್ಣೆ ತಿಕ್ಕುವವಳು ನಾನು.

"ಇಲ್ಲಪ್ಪಾ," ಎಂದರು ನಮ್ಮ ಮನೆಯವರು. "ಈಗ ಏನೂ ನೋಯೂದಿಲ್ಲ."

ಮಾವನವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಉಳಿದ ಗಂಜಿಯನ್ನು ಮಗನ ಕೈಯಿಂದಲೇ ಕುಡಿದರು. ಮರುದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದರು.