ಅಪ್ಪನ ಸೊಂಟದ ತಾಯಿತ

ಅಪ್ಪನನ್ನು ಚಿಕ್ಕೋಡಿಯ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದ ದಿನ ನರ್ಸ್ ನಮ್ಮನ್ನು ಕೇಳಿದ್ದು ಒಂದೇ: ಅವನ ಉಡುದಾರ ತೆಗೆಯಬೇಕು. ನ್ಯುಮೋನಿಯಾ ಆಗಿತ್ತು. ಗಂಟಲಿಗೆ ನಳಿಕೆ ಹಾಕಿದ್ದರು, ಎಚ್ಚರವಿರಲಿಲ್ಲ.

"ಪೇಶಂಟ್ ತಾವಾಗೇ ಮಗ್ಗಲಾ ಹೊಳ್ಳಂಗಿಲ್ರಿ. ಎರಡು ತಾಸಿಗೊಮ್ಮೆ ನಾವು ಹೊಳ್ಳಸ್ತೀವಿ. ಕೆಳಗ ಏನರ ಗಟ್ಟಿ ಒತ್ತಿತಂದ್ರ ಅಲ್ಲೇ ಚರ್ಮ ಸಾಯ್ತೈತಿ," ಎಂದಳು.

ಉಡುದಾರದಲ್ಲಿ ಶೇಂಗಾ ಬೀಜದಷ್ಟು ಬೆಳ್ಳಿಯ ತಾಯಿತವಿತ್ತು. ಗಂಟು ಬಿಚ್ಚುವಂತಿರಲಿಲ್ಲ, ಕತ್ತರಿಸಬೇಕಿತ್ತು. ನಮ್ಮಲ್ಲಿ ಗಂಡಸಿನ ಉಡುದಾರ ಹರಿಯುವುದು ಹೆಣವಾದ ಮೇಲೆ.

ಐಗಳಿಯಿಂದ ಜೊತೆಗೆ ಬಂದಿದ್ದ ಅತ್ತೆ, ಅಪ್ಪನ ತಂಗಿ, ಅಡ್ಡ ನಿಂತಳು. "ನಮ್ಮಣ್ಣಗ ಇನ್ನೂ ಜೀವ ಐತವ್ವಾ." ಆಮೇಲೆ ನನ್ನತ್ತ ತಿರುಗಿದಳು. "ನೀ ಕಲತಾಂವ. ದೇವರಿಲ್ಲ ದಿಂಡ್ರಿಲ್ಲ ಅಂತ ಊರ ತುಂಬ ವಾದಾ ಮಾಡ್ತಿ. ತಗೋ ಕತ್ರಿ, ನೀನ ಕತ್ತರಸು."

ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು, ಈಗ ಅದನ್ನೇ ಕಲಿಸುತ್ತೇನೆ. ಕೈ ಮುಂದೆ ಹೋಗಲಿಲ್ಲ. "ಇರಲಿ ಬಿಡ್ರಿ ಸಿಸ್ಟರ್, ಮುಂದಕ್ಕ ಸರಸ್ರಿ" ಎಂದೆ. ಎಂದೆ ಎಂದುಕೊಂಡಿದ್ದೇನೆ. ಅವಳು ತಾಯಿತವನ್ನು ಹೊಟ್ಟೆಯ ಮೇಲೆ ಎಳೆದು ಪಟ್ಟಿ ಅಂಟಿಸಿದಳು.

ಐದನೆಯ ದಿನ ಪಟ್ಟಿ ಕಿತ್ತುಹೋಗಿ ತಾಯಿತ ಸೊಂಟದ ಹಿಂದೆ, ಮೂಳೆಯ ಕೆಳಗೆ ಸಿಕ್ಕಿಕೊಂಡಿತ್ತು. ನರ್ಸ್ ಯಾರನ್ನೂ ಕೇಳದೆ ದಾರ ಕತ್ತರಿಸಿ, ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದಳು. ಒತ್ತಿದರೂ ಕೆಂಪು ಹೋಗಲಿಲ್ಲ. ಒಂದು ವಾರದಲ್ಲಿ ಅದು ಕಪ್ಪಾಯಿತು.

ಅಪ್ಪ ಕುರಿಗಳ ಹಿಂದೆ ತಿರುಗಿ, ವರ್ಷಗಟ್ಟಲೆ ಕಲ್ಲುನೆಲದ ಮೇಲೆ ಕಂಬಳಿ ಹಾಸಿ ಮಲಗಿದವನು. ಬೆನ್ನಿಗೆ ಏನೂ ಆಗಿರಲಿಲ್ಲ, ಏಕೆಂದರೆ ನಿದ್ದೆಯಲ್ಲಿ ಹೊರಳುತ್ತಿದ್ದ. ಇಲ್ಲಿ ಹೊರಳಲಿಲ್ಲ. ಎದೆ ವಾಸಿಯಾಗಿ ಮನೆಗೆ ಬಂದ, ಹುಣ್ಣು ಮಾತ್ರ ಮೂಳೆಗೆ ಇಳಿಯಿತು, ಕೀವಾಯಿತು, ಜ್ವರ ಬಿಡಲಿಲ್ಲ. ಎರಡನೆಯ ತಿಂಗಳಲ್ಲಿ ಹೋದ.

ತಾಯಿತವಿಲ್ಲದಿದ್ದರೂ ಹುಣ್ಣಾಗಬಹುದಿತ್ತು, ರಕ್ತದೊತ್ತಡ ಇಳಿದು ಚರ್ಮಕ್ಕೆ ರಕ್ತವೇ ಸಾಲುತ್ತಿರಲಿಲ್ಲ ಎಂದರು ಡಾಕ್ಟರು. ನನಗೆ ಅದನ್ನು ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. "ಅತ್ತಿ, ಅವತ್ತ ಇರಲಿ ಬಿಡ್ರಿ ಅಂದಾಂವ ನಾನ ಅಲ್ಲೇನು?" ಎಂದು ಕೇಳಿದೆ.

"ನೀ ಎಲ್ಲಿ ಅಂದಿ? ಹೊರಗ ನಿಂತು ಫೋನ್ಯಾಗ ಮಾತಾಡಾಕತ್ತಿದ್ದಿ. ನಾನ ಅಂದೆ. ಸುಮ್ನ ಉಣ್ಣು."

ಹೊರಗಿದ್ದರೆ ಆ ಕತ್ತರಿಯ ಹಿಡಿಕೆ ಹಸಿರಾಗಿತ್ತೆಂದು ನನಗೆ ಹೇಗೆ ನೆನಪಿದೆ? ನೆನಪೇ ಪುರಾವೆಯಲ್ಲ ಎಂದು ತರಗತಿಯಲ್ಲಿ ಹೇಳುವವನೂ ನಾನೇ. ಅತ್ತೆ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ಬೇರೇನಾದರೂ ಹೇಳುತ್ತಿದ್ದಳೇನೋ. ನಾನು ಕೇಳಲಿಲ್ಲ. ಅವಳು ಹಾಕಿದ ರೊಟ್ಟಿ ಮುರಿದು ಉಂಡೆ.